ಇಡಿಯಾಗಿ ಕಿತ್ತುಬಂದ ಗ್ಲಾಸು

ಕಾರಿನ ಮುಂದಿನ ಗ್ಲಾಸು ಬಿರುಕು ಬಿಟ್ಟಿತ್ತು, ಆದರೆ ಚೂರಾಗಿರಲಿಲ್ಲ. ಕಾರಿನಿಂದ ಇಪ್ಪತ್ತು ಅಡಿ ಆಚೆ, ಹೆದ್ದಾರಿಯ ಅಂಚಿನಲ್ಲಿ ಇಡಿಯಾಗಿ ಬಿದ್ದಿತ್ತು. ಅದರ ಪಕ್ಕದಲ್ಲೇ ಸಹನಾ ಬಿದ್ದಿದ್ದಳು. ವಯಸ್ಸು ಇಪ್ಪತ್ತೊಂಬತ್ತು. ನಾವು ಹೋಗುವಷ್ಟರಲ್ಲಿ ಉಸಿರು ನಿಂತಿತ್ತು.

ಶೂಳಗಿರಿ ದಾಟಿ ಸ್ವಲ್ಪ ದೂರ, ಬೆಳಿಗ್ಗೆ ಒಂಬತ್ತು ಗಂಟೆ. ಕಾರು ಓಡಿಸುತ್ತಿದ್ದವನು ಅವಳ ಗಂಡ ಕಿರಣ್‌ಕುಮಾರ್, ಹೊಸೂರಿನ ಕಾರ್ಖಾನೆಯಲ್ಲಿ ನೌಕರ. ಹಿಂದಿನ ಸೀಟಿನಲ್ಲಿ ಸಹನಾಳ ತಾಯಿ ನರಸಮ್ಮ. ಅವರ ಕಣ್ಣು ತೋರಿಸಲು ಕೃಷ್ಣಗಿರಿಗೆ ಹೊರಟಿದ್ದರಂತೆ. ಮುಂದಿದ್ದ ಟ್ಯಾಂಕರ್ ಬ್ರೇಕ್ ಹಾಕಿತು, ಕಾರು ಗುದ್ದಿತು. ಕಿರಣನಿಗೆ ಹಣೆಯ ಮೇಲೊಂದು ಗೀರು. ನರಸಮ್ಮನ ಸೊಂಟ ಮುರಿದಿತ್ತು.

"ಅತ್ತೆಗೆ ನೀರು ಕೊಡೋಕೆ ಬೆಲ್ಟ್ ಬಿಚ್ಚಿ ಹಿಂದಕ್ಕೆ ತಿರುಗಿದ್ಲು ಸಾರ್," ಎಂದು ಕಿರಣ ಅತ್ತ. "ಗ್ಲಾಸ್ ಹಾಕ್ಸಿ ಎರಡು ದಿನ ಆಗಿತ್ತು. ಆ ಗ್ಲಾಸ್ ಅಂಗಡಿ ಮುರುಗೇಶ ಸರಿಯಾಗಿ ಕೂರಿಸ್ಲಿಲ್ಲ."

ಗ್ಲಾಸಿನ ಮೂಲೆಯಲ್ಲಿ ಮುರುಗೇಶನ ಅಂಗಡಿಯ ಸ್ಟಿಕ್ಕರ್ ಇತ್ತು. ಟ್ಯಾಂಕರ್ ಚಾಲಕನನ್ನು ಬಿಟ್ಟು ಕಳಿಸಿ ಮುರುಗೇಶನನ್ನು ಹಿಡಿದು ತಂದೆವು. ನಾನು ಮುನಿಶಾಮಪ್ಪ, ಇಪ್ಪತ್ತಾರು ವರ್ಷ ಸರ್ವೀಸಿನ ಹೆಡ್ ಕಾನ್‌ಸ್ಟೇಬಲ್. ಕೇಸು ಮುಗಿಯಿತು ಎಂದುಕೊಂಡೆ. ಇಂಥ ತಪ್ಪು ಲೆಕ್ಕಾಚಾರದಲ್ಲಿ ನಾನು ಪಳಗಿದವನು.

*

ಮುಗಿಯಿತು ಎಂದು ಒಪ್ಪದವರು ನಮ್ಮ ಸಬ್ ಇನ್ಸ್‌ಪೆಕ್ಟರ್ ಮಾಲಿನಿ ಮೇಡಂ. ಕೆಲಮಂಗಲದ ಹೆಣ್ಣುಮಗಳು. ಮಾತು ಕಡಿಮೆ, ಕಣ್ಣು ಚುರುಕು.

"ನಾನು ಗ್ಲಾಸ್ ಮಾರಿದ್ದು ಅಷ್ಟೇ ಮೇಡಂ," ಎಂದ ಮುರುಗೇಶ, ತನ್ನ ತಮಿಳು ಬೆರೆತ ಕನ್ನಡದಲ್ಲಿ. "ಗಾಡಿ ತನ್ನಿ ಅಣ್ಣಾ, ಒಂದು ದಿನ ಬಿಡಿ ಅಂತ ಮೂರು ಸಲ ಹೇಳಿದೆ. ಕೇಳಲಿಲ್ಲ."

"ಸಾಕ್ಷಿ?"

"ಯಾರೂ ಇಲ್ಲ."

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಸೆಲ್ವಿ ಕುಳಿತಿದ್ದಳು. ಅಂಗಡಿಯ ಶಟರಿಗೆ ಯಾರೋ ಕಲ್ಲು ಎಸೆದಿದ್ದರು. ಕೊಲೆಗಾರನ ಅಂಗಡಿ ಎಂಬ ಹೆಸರೂ ಬಿದ್ದಾಗಿತ್ತು.

ಮೇಡಂ ಎದ್ದು ನಿಂತರು. "ನಮ್ಮ ಜೀಪಿನ ಗ್ಲಾಸ್ ಸೀಳಿ ಆರು ತಿಂಗಳಾಯ್ತು. ಹೊಸದು ಕೂರಿಸು. ನಾನು ನೋಡ್ಬೇಕು."

ಮುರುಗೇಶ ಕೂರಿಸಿದ. ಹಳೆಯ ಗೋಂದು ಹೆರೆದ. ಚೌಕಟ್ಟನ್ನು ಜಿಡ್ಡು ತೆಗೆಯುವ ದ್ರಾವಣದಲ್ಲಿ ಎರಡು ಸಲ ಒರೆಸಿದ. ಗೋಂದು ಗಟ್ಟಿಯಾಗಿ ಹಿಡಿಯಲೆಂದು ಕರಿ ಪ್ರೈಮರ್ ಬಳಿದು ಆರಲು ಬಿಟ್ಟ. ನಾನು ಸುಮ್ಮನೆ ಬೆರಳು ಇಟ್ಟೆ, ಬೈದೇಬಿಟ್ಟ.

"ಕೈ ಜಿಡ್ಡು ತಾಗಿದ್ರೆ ಗೋಂದು ಹಿಡಿಯಲ್ಲ ಸಾರ್! ನಾಳೆವರೆಗೂ ಜೀಪ್ ಕೊಡಲ್ಲ. ಎಸ್ಪಿ ಬಂದು ಕೇಳಿದ್ರೂ ಕೊಡಲ್ಲ."

ಲಾಕಪ್ಪಿನಲ್ಲಿ ಇರಬೇಕಾದವನು ನಮಗೇ ಜೀಪು ಕೊಡುವುದಿಲ್ಲ ಎನ್ನುತ್ತಿದ್ದ. ನನಗೆ ನಗು ಬಂತು. ಬೆಂಚಿನ ಮೇಲಿದ್ದ ಸೆಲ್ವಿಯ ಮುಖ ನೋಡಿ ನಗು ಇಂಗಿತು.

*

ಅಪಘಾತದ ಕಾರು ಠಾಣೆಯ ಹಿಂದೆ ನಿಂತಿತ್ತು. ಮೇಡಂ ಚೌಕಟ್ಟಿನ ಕೆಳಗಿನ ಅಂಚಿಗೆ ಬಗ್ಗಿದರು. ಪ್ರೈಮರಿನ ಸುಳಿವೇ ಇಲ್ಲ. ಗೋಂದು ಪೂರಾ ಗ್ಲಾಸಿನ ಜೊತೆ ಎದ್ದುಹೋಗಿತ್ತು. ಅದು ಕೂತಿದ್ದ ಜಾಗದಲ್ಲಿ ಉದ್ದಕ್ಕೂ ಹಳದಿ ಜಿಡ್ಡು.

"ಟ್ಯಾಂಕರಿನ ಪೇಂಟ್ ಮೇಡಂ," ಎಂದೆ.

"ಗೋಂದಿನ ಅಡಿಗೆ ಪೇಂಟ್ ಹೆಂಗೆ ಹೋಗ್ತದೆ ಅಣ್ಣಾ? ನಿಮ್ಮ ಸುಣ್ಣದ ಡಬ್ಬಿ ಕೊಡಿ."

ಎಲೆಅಡಿಕೆ ಹಾಕುವ ಚಟ ಜೀವನದಲ್ಲಿ ಮೊದಲ ಸಲ ಇಲಾಖೆಗೆ ಉಪಯೋಗವಾಯಿತು. ಮೇಡಂ ಹಳದಿಯ ಮೇಲೆ ಸುಣ್ಣ ತೀಡಿದರು. ಅದು ಕೆಂಪಾಯಿತು.

ಅರಿಶಿನ. ಎಣ್ಣೆಯಲ್ಲಿ ಕಲಸಿದ ಅರಿಶಿನ.

"ಗ್ಲಾಸ್ ಕೂರಿಸಿದ ಮೇಲೆ ಪೂಜೆ ಮಾಡಿದ್ರೆ ಅರಿಶಿನ ಮೇಲೆ ಇರ್ತದೆ," ಎಂದರು ಮೇಡಂ. "ಇದು ಅಡಿಯಲ್ಲಿದೆ. ಅಂದ್ರೆ ಗ್ಲಾಸ್ ಇಲ್ಲದ ಕಾರು ಯಾರದೋ ಮನೆ ಅಂಗಳದಲ್ಲಿ ನಿಂತಿತ್ತು. ಒಂದು ಬೆರಳು ತಾಗೋದನ್ನೇ ಬಿಡದ ಮುರುಗೇಶ ಇದರ ಮೇಲೆ ಗೋಂದು ಹಾಕ್ತಾನಾ?"

ಆ ಬೆರಳು ನನ್ನದು. ಮೆಲ್ಲಗೆ ಜೇಬಿಗಿಳಿಸಿದೆ.

*

ನರಸಮ್ಮನನ್ನು ಅದುವರೆಗೆ ಯಾರೂ ಏನೂ ಕೇಳಿರಲಿಲ್ಲ. ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಮಂಚ ಹಿಡಿದಿದ್ದರು. ಮಗಳು ಹೋದದ್ದು ಗೊತ್ತಿತ್ತು, ಅದಕ್ಕೆ ಗ್ಲಾಸು ಕಾರಣ ಎಂದಾಗಲಿ ಮುರುಗೇಶನನ್ನು ಹಿಡಿದ ಸುದ್ದಿಯಾಗಲಿ ಅವರಿಗೆ ತಿಳಿದಿರಲಿಲ್ಲ.

"ಅವ್ವಾ, ಕಾರಿಗೆ ಅರಿಶಿನ ಹಚ್ಚಿದ್ದು ಯಾರು?" ಎಂದರು ಮೇಡಂ.

"ನಾನೇ ಕಣಮ್ಮ. ನಮ್ಮೂರು ಸಾನಮಾವಿನಿಂದ ಬಂದು ನೋಡಿದ್ರೆ ಗಾಡಿ ಬೋಳು ಬೋಳಾಗಿತ್ತು. ಶುಭ ಅಲ್ಲ ಅಂತ ಎಣ್ಣೆ ಅರಿಶಿನ ಕಲಸಿ ಹಚ್ಚಿದೆ. ಕಣ್ಣು ಮಂಜು ನೋಡು, ಕೈಗೆ ಸಿಕ್ಕಷ್ಟೂ ಬಳಿದ್ಬುಟ್ಟೆ."

"ಗ್ಲಾಸ್ ಕೂರಿಸಿದ್ದು?"

"ನಮ್ಮ ಅಳಿಯಂದ್ರೇ. ಫೋನಿನಾಗೆ ನೋಡ್ಕೊಂಡು ಒಬ್ರೇ ಕೂರಿಸಿದ್ರು. ಅವರ ಕೈನಾಗೆ ವಿದ್ಯೆ ಐತೆ."

ಹೆಮ್ಮೆಯಿಂದಲೇ ಹೇಳಿದರು. ಬಾಗಿಲಲ್ಲಿ ಗಂಜಿಯ ಡಬ್ಬಿ ಹಿಡಿದು ಕಿರಣ ನಿಂತಿದ್ದ.

*

ಹೊರಗಿನ ಮೊಗಸಾಲೆಯಲ್ಲಿ ಮೇಡಂ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಏರ್‌ಬ್ಯಾಗಿನ ಚೀಲ ಉಬ್ಬಿದಾಗ ಗ್ಲಾಸಿಗೆ ಒರಗಿ ನಿಲ್ಲಬೇಕು. ಜಿಡ್ಡಿನ ಮೇಲೆ ಕೂತ ಗೋಂದು ಆ ಹೊಡೆತ ತಡೆಯಲಿಲ್ಲ. ಗ್ಲಾಸು ಕಿತ್ತುಹೋಯಿತು, ಚೀಲಕ್ಕೆ ಆಸರೆ ತಪ್ಪಿತು, ಆ ಖಾಲಿ ಚೌಕಟ್ಟಿನಿಂದ ಸಹನಾ ಹೊರಗೆ ಹೋದಳು.

ಕಿರಣ ಗಂಜಿಯ ಡಬ್ಬಿಯನ್ನು ನೆಲದ ಮೇಲಿಟ್ಟ. "ಕಾರ್ಖಾನೇಲಿ ದಿನಾ ಗೋಂದಿನ ಕೆಲಸಾನೇ ಮೇಡಂ. ಒಂದು ಗ್ಲಾಸ್ ಏನು ಮಹಾ ಅಂದ್ಕೊಂಡೆ. ಅರಿಶಿನ ಒರೆಸೋಕೆ ಬಟ್ಟೆ ತಗೊಂಡಿದ್ದೆ. ಸಹನಾ ಕೈ ಹಿಡಿದ್ಲು. ಅಮ್ಮ ಹಚ್ಚಿರೋದು, ಒರೆಸ್ಬೇಡಿ ಅಂದ್ಲು. ಅದರ ಮೇಲೇ ಹಾಕ್ದೆ."

"ಮುರುಗೇಶನ ಹೆಸರು ಯಾಕೆ ಹೇಳಿದ್ರಿ?"

"ನಾನೇ ಕೊಂದೆ ಅನ್ನೋಕೆ ಬಾಯಿ ಬರ್ಲಿಲ್ಲ."

"ಅಲ್ಲಿ ಒಬ್ಬ ಹೆಂಗಸು ಮೂರು ದಿನದಿಂದ ಬೆಂಚಿನ ಮೇಲೆ ಕೂತಿದ್ದಾಳೆ," ಎಂದರು ಮೇಡಂ. ಅವರಿಗೆ ಸಿಟ್ಟೂ ಇತ್ತು, ಸಂಕಟವೂ ಇತ್ತು. ಠಾಣೆಗೆ ಫೋನು ಮಾಡಿ ವಿಷಯ ತಿಳಿಸಿದರು. ಸಂಜೆಯೊಳಗೆ ಮುರುಗೇಶ ಮನೆ ಸೇರಿದ.

"ನನ್ನ ಕರ್ಕೊಂಡು ಹೋಗಿ ಮೇಡಂ. ಅತ್ತೆಗೆ ಮಾತ್ರ ಹೇಳ್ಬೇಡಿ."

"ಹೇಳಲೇಬೇಕು. ಬೇರೆಯವರ ಬಾಯಿಂದ ಕೇಳೋದಕ್ಕಿಂತ ನೀವೇ ಹೇಳಿ."

ಅವನು ಒಳಗೆ ಹೋದ. ಮಂಚದ ಪಕ್ಕ ನೆಲದ ಮೇಲೆ ಕುಳಿತು ಹೇಳಿದ. ನಾವು ಬಾಗಿಲಲ್ಲೇ ನಿಂತಿದ್ದೆವು. ನರಸಮ್ಮ ತಮ್ಮ ಅಂಗೈ ನೋಡಿಕೊಂಡರು.

"ಒರೆಸ್ಬೇಕು ಅಂತ ಗೊತ್ತಿತ್ತೇನಪ್ಪಾ?"

"ಗೊತ್ತಿತ್ತು ಅತ್ತೆ."

"ಮತ್ಯಾಕೆ ಒರೆಸ್ಲಿಲ್ಲ?"

ಕಿರಣ ತಲೆ ಎತ್ತಿ ನಮ್ಮ ಕಡೆ ಒಮ್ಮೆ ನೋಡಿದ.

"ಮರ್ತುಹೋಯ್ತು ಅತ್ತೆ," ಎಂದ.

ಸಹನಾ ಕೈ ಹಿಡಿದ ಮಾತನ್ನು ಬರೆಯದೆ ಮೇಡಂ ಕೈಯಲ್ಲಿದ್ದ ನೋಟ್‌ಬುಕ್ ಮುಚ್ಚಿದರು.