ಎಡ ಹುಬ್ಬಿನ ಹಿಟ್ಟು

ನನಗೆ ಗಿರಾಕಿಗಳ ಮುಖಕ್ಕಿಂತ ಕಾಲು ಚೆನ್ನಾಗಿ ಗೊತ್ತು. ನಮ್ಮ ರೊಟ್ಟಿ ಅಂಗಡಿ ಇರುವುದು ನೆಲಮಾಳಿಗೆಯಲ್ಲಿ. ಅದರ ಕಿಟಕಿ ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯ ಫುಟ್‌ಪಾತಿಗೆ ಸರಿಸಮ. ರೊಟ್ಟಿ ಬೇಕಾದವರು ಬಗ್ಗಬೇಕು. ಹೆಚ್ಚಿನವರು ಬಗ್ಗುವುದಿಲ್ಲ, ಕೈ ಮಾತ್ರ ಇಳಿಬಿಡುತ್ತಾರೆ. ನಾನು ಆ ಕೈಗೆ ಬಿಸಿ ರೊಟ್ಟಿ ಇಟ್ಟು ಮತ್ತೆ ಬಾವಿಯಂಥ ಆಳದ ಒಲೆಯೊಳಗೆ ಬಾಗುತ್ತೇನೆ.

ಉಕ್ರೇನಿನ ಯುದ್ಧ ಶುರುವಾದ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಬೀದಿಗೆ ಅಪರಿಚಿತ ಕಾಲುಗಳು ಬಂದವು. ಸೈನ್ಯಕ್ಕೆ ಎಳೆದುಕೊಂಡು ಹೋಗುತ್ತಾರೆಂದು ಗಡಿ ದಾಟಿ ಓಡಿಬಂದ ರಷ್ಯನ್ ಗಂಡಸರ ಕಾಲುಗಳು. ಅವುಗಳಲ್ಲಿ ಒಂದು ಜೋಡಿ ಕಂದು ಬೂಟಿಗೆ ಬಲಗಡೆ ಕಪ್ಪು ಲೇಸು, ಎಡಗಡೆ ಕೆಂಪು. ನನಗೆ ನಗು ಬಂತು. ಅಷ್ಟರಲ್ಲಿ ಆ ಬೂಟಿನವನು ಮಂಡಿಯೂರಿ ಕೂತು, ಕಿಟಕಿಯೊಳಗೆ ತಲೆ ಹಾಕಿ ನನ್ನನ್ನೇ ನೋಡಿದ.

"ನಮಸ್ಕಾರ. ಒಂದು ರೊಟ್ಟಿ ಕೊಡ್ತೀರಾ?" ಎಂದು ರಷ್ಯನ್ನಿನಲ್ಲಿ ಕೇಳಿದ.

"ನಂಗೆ ರಷ್ಯನ್ ಬರಲ್ಲ," ಎಂದೆ ನಮ್ಮ ಜಾರ್ಜಿಯನ್ನಿನಲ್ಲಿ.

ಹಸಿ ಸುಳ್ಳು. ನಮ್ಮ ಹಳ್ಳಿಯಲ್ಲಿ ನೆರೆಹೊರೆಯವರ ಜೊತೆ ಅದೇ ಮಾತು. ಹದಿನೇಳು ವರ್ಷ ಅದರಲ್ಲೇ ಆಡಿ, ಜಗಳವಾಡಿ ಬೆಳೆದವಳು ನಾನು. ಆಮೇಲೆ ಒಂದು ಆಗಸ್ಟಿನಲ್ಲಿ ನಮ್ಮ ಹಳ್ಳಿಗೇ ರಷ್ಯಾದ ಟ್ಯಾಂಕುಗಳು ಬಂದವು. ಗೆಲಾ ಅಣ್ಣ ಸತ್ತ. ಅವನ ಹೆಣವನ್ನು ದೊಡ್ಡಪ್ಪನ ಮಗ ಝಾಝಾ ಹೆಗಲ ಮೇಲೆ ಹೊತ್ತು ತಂದ. ಇನ್ನು ಆ ಭಾಷೆಯ ಒಂದು ಮಾತೂ ನನ್ನ ಬಾಯಿಂದ ಬರುವುದಿಲ್ಲ ಎಂದು ಅಣ್ಣನ ಸಮಾಧಿಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಹದಿನಾಲ್ಕು ವರ್ಷ ನಡೆಸಿಕೊಂಡೂ ಬಂದಿದ್ದೆ.

ಕಿಟಕಿಯ ಪಕ್ಕ ಝಾಝಾ ಅಂಟಿಸಿದ್ದ ಚೀಟಿಯನ್ನು ಆ ಬೂಟಿನವನು ಅಕ್ಷರ ಕೂಡಿಸಿ ಓದಿದ. ನಮ್ಮ ನೆಲ ಕಬಳಿಸಿದ್ದು ರಷ್ಯಾ ಎಂದು ಒಪ್ಪಿದವರಿಗೆ ಮಾತ್ರ ಇಲ್ಲಿ ರೊಟ್ಟಿ ಎಂದು ಅದರಲ್ಲಿ ಬರೆದಿತ್ತು. ಓದಿ ಮುಗಿಸಿ, ಕೈ ಎದೆಯ ಮೇಲಿಟ್ಟು, ಅರೆಬರೆ ಜಾರ್ಜಿಯನ್ನಿನಲ್ಲಿ ಅಂದ:

"ರಷ್ಯಾ... ಕಳ್ಳ. ನಾನು... ಗೊತ್ತು. ರೊಟ್ಟಿ... ಒಂದು?"

ಕೊಟ್ಟೆ. ಅವನು ಎದ್ದು ಹೋಗುವಾಗ ತನ್ನಷ್ಟಕ್ಕೆ ರಷ್ಯನ್ನಿನಲ್ಲಿ ಗೊಣಗಿದ: "ಎಡ ಹುಬ್ಬಿನ ಮೇಲೆ ಹಿಟ್ಟು ಹತ್ತಿದೆ. ನಾನಂತೂ ಹೇಳಲ್ಲಪ್ಪ. ಚೆಂದ ಕಾಣ್ತಿದೆ."

ಒರೆಸಿಕೊಂಡರೆ ಗುಟ್ಟು ರಟ್ಟು. ಒರೆಸದಿದ್ದರೆ ಅವನು ಹೇಳಿದ್ದನ್ನು ಒಪ್ಪಿಕೊಂಡ ಹಾಗೆ. ಆ ಬೂಟುಗಳು ಮೂಲೆ ತಿರುಗುವವರೆಗೂ ಬೆಪ್ಪಾಗಿ ನಿಂತೇ ಇದ್ದೆ.

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಬೆರಳ ತುದಿಯಲ್ಲಿ ಚಿಟಿಕೆ ಹಿಟ್ಟು ತೆಗೆದು ಎಡ ಹುಬ್ಬಿಗೆ ನಾನೇ ಹಚ್ಚಿಕೊಂಡೆ. ನಾಚಿಕೆಗೇಡು! ಆದರೂ ಹಚ್ಚಿಕೊಂಡೆ.

ಅವನ ಹೆಸರು ಇಗ್ನಾತ್. ಊರಿನಲ್ಲಿ ಶಾಲೆಯ ಮೇಷ್ಟ್ರಾಗಿದ್ದನಂತೆ, ಇಲ್ಲಿ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಅವನು ರೊಟ್ಟಿ ಕೇಳುತ್ತಿದ್ದುದು ಜಾರ್ಜಿಯನ್ನಿನಲ್ಲಿ, ದಿನಕ್ಕೊಂದು ಹೊಸ ಪದ ಸೇರಿಸಿ. ಉಳಿದದ್ದನ್ನೆಲ್ಲ ರಷ್ಯನ್ನಿನಲ್ಲಿ, ಗೋಡೆಗೆ ಹೇಳಿಕೊಂಡ ಹಾಗೆ.

"ಮೆಟ್ಟಿಲ ಹತ್ರ ಫೋನಲ್ಲಿ ಮಾತಾಡ್ಬೇಡ ಅಂದ್ರು ಮನೆಯೊಡತಿ. ಅಕ್ಕಪಕ್ಕದವರಿಗೆ ನನ್ನ ಭಾಷೆ ಕೇಳಿದ್ರೆ ಆಗಲ್ವಂತೆ. ಈಗ ದಿನಾ ನಾನು ಮಾತಾಡೋದು ನಿನ್ನೊಬ್ಬಳ ಹತ್ರಾನೇ, ತೆಕ್ಲೆ."

ಇನ್ನೊಂದು ದಿನ: "ನಿನ್ನೆ ಫೋನಲ್ಲಿ ಅಮ್ಮ ನನ್ನನ್ನ ಹೇಡಿ ಅಂದ್ಲು. ಸಂಜೆ ಬಸ್ಸಲ್ಲಿ ಯಾರೋ ನನ್ನನ್ನ ದರೋಡೆಕೋರ ಅಂದ. ಒಂದೇ ದಿನಕ್ಕೆ ಎರಡು ಬಿರುದು ಸಿಕ್ತು ನೋಡು." ಹೇಳಿ ನಗುತ್ತಿದ್ದ. ಎದುರಿನ ಗೋಡೆಯ ಮೇಲೆ ಯಾರೋ ದೊಡ್ಡದಾಗಿ ಬರೆದಿದ್ದರು: ರಷ್ಯನ್ನರೇ, ಮನೆಗೆ ಹೋಗಿ. ಅದನ್ನೊಮ್ಮೆ ತಿರುಗಿ ನೋಡಿ ಅಂದ, "ಎಲ್ಲಿಗೆ ಬೇಕಾದ್ರೂ ಹೋಗ್ಬಹುದು, ಅದೊಂದು ಕಡೆ ಬಿಟ್ಟು."

ನಾನು ಕಣ್ಣರಳಿಸಿ, ಏನೂ ತಿಳಿಯದವಳ ಹಾಗೆ, "ಬೇರೆ ಏನಾದ್ರೂ ಬೇಕಾ?" ಎನ್ನುತ್ತಿದ್ದೆ.

"ಬೇಡ. ಥ್ಯಾಂಕ್ಸ್. ರೊಟ್ಟಿ ಬಿಸಿ. ದಿನ ಒಳ್ಳೆ," ಎನ್ನುತ್ತಿದ್ದ.

ನವೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ, ಮಂಡಿಯೂರಿಕೊಂಡೇ, ಹವಾಮಾನದ ಸುದ್ದಿ ಹೇಳುವವನ ದನಿಯಲ್ಲಿ ಹೇಳಿಬಿಟ್ಟ: "ನಿನ್ನನ್ನ ಪ್ರೀತಿಸ್ತೀನಿ ಕಣೇ. ನಿಂಗೆ ಅರ್ಥ ಆಗಲ್ಲ ಅಂತಲೇ ಇಷ್ಟು ಧೈರ್ಯ."

ಬಾಯಿ ತೆರೆದೆ. ಗೆಲಾ ಅಣ್ಣನ ಮುಖ ನೆನಪಾಯಿತು. "ಬೇರೆ ಏನಾದ್ರೂ ಬೇಕಾ?" ಎಂದೆ. ಅವನು ಹೋದ ಮೇಲೆ ಒಲೆಯೊಳಗೆ ಬಾಗಿ ಅತ್ತೆ. ಒಲೆಯ ಮುಂದೆ ಕೆಲಸ ಮಾಡುವವರಿಗೆ ಅದೊಂದು ಅನುಕೂಲ, ಕಣ್ಣು ಯಾಕೆ ಕೆಂಪು ಎಂದು ಯಾರೂ ಕೇಳುವುದಿಲ್ಲ.

ಅಂದಿನಿಂದ ದಿನವೂ ಅದನ್ನೇ ಹೇಳಿ ಹೋಗುತ್ತಿದ್ದ. ನಾನು ದಿನವೂ ಹಿಟ್ಟು ಹಚ್ಚಿಕೊಂಡು ಕಾಯುತ್ತಿದ್ದೆ.

ಆ ತಿಂಗಳ ಕೊನೆಯಲ್ಲಿ ಸಂತ ಗಿಯೋರ್ಗಿಯ ಹಬ್ಬ. ಅಂಗಡಿಗೆ ರಜೆ. ಮಧ್ಯಾಹ್ನ ಅಂಗಳದಲ್ಲಿ ಮೇಜು ಹಾಕಿದ್ದೆವು. ಅಜ್ಜಿ, ನಾನು, ಝಾಝಾ, ಅವನ ಮೂವರು ಗೆಳೆಯರು. ಗೆಲಾ ಅಣ್ಣನಿಗೆಂದು ಯಾವಾಗಲೂ ಬಿಡುವ ಖಾಲಿ ಕುರ್ಚಿ. ಅಗಲಿದವರ ಹೆಸರಿನಲ್ಲಿ ರೊಟ್ಟಿಯ ಮೇಲೆ ವೈನ್ ಸುರಿದದ್ದೂ ಆಗಿತ್ತು. ಕಿಟಕಿ ಮುಚ್ಚಿದ್ದು ಕಂಡು ಇಗ್ನಾತ್ ಅಂಗಳದ ಬಾಗಿಲಿಗೆ ಬಂದ.

"ಬನ್ನಿ ಸ್ವಾಮಿ, ಬನ್ನಿ!" ಎಂದು ಎದ್ದ ಝಾಝಾ. "ಹಬ್ಬದ ದಿನ ಬಾಗಿಲಲ್ಲಿ ನಿಲ್ಲೋದುಂಟಾ?" ಅವನನ್ನು ಕರೆತಂದು ಕೂರಿಸಿ, ವೈನಿನ ಹೂಜಿಯನ್ನು ಪಕ್ಕಕ್ಕೆ ಸರಿಸಿ, ಎಲ್ಲರ ಗ್ಲಾಸಿಗೂ ಬಿಯರ್ ಸುರಿದ. ಗೆಳೆಯರು ಮುಸಿಮುಸಿ ನಕ್ಕರು. "ನಿಮ್ಮ ಆರೋಗ್ಯಕ್ಕೆ! ನಿಮ್ಮ ದೇಶದ ಆರೋಗ್ಯಕ್ಕೆ!"

ನಮ್ಮಲ್ಲಿ ಬಿಯರ್ ಎತ್ತಿ ಆರೋಗ್ಯ ಕೋರುವುದು ಹಗೆಗಳಿಗೆ ಮಾತ್ರ. ಅದು ಹಾಳಾಗಿ ಹೋಗು ಎಂದು ಹರಸಿದ ಹಾಗೆ.

ಇಗ್ನಾತನಿಗೆ ಅದೆಲ್ಲಿ ಗೊತ್ತು. ಮುಖ ಅರಳಿತು. ಈ ಊರಿನಲ್ಲಿ ಅವನನ್ನು ಯಾರಾದರೂ ಮೇಜಿಗೆ ಕರೆದದ್ದು ಅದೇ ಮೊದಲು. ಎದ್ದು ನಿಂತು, ಎಷ್ಟು ದಿನದಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತುಗಳೋ, ಅವುಗಳಿಗೆ ಎದುರಿನ ಖಾಲಿ ಕುರ್ಚಿಯನ್ನೂ ಸೇರಿಸಿ, ಬಿಯರಿನ ಗ್ಲಾಸನ್ನು ನನ್ನ ಕಡೆ ಎತ್ತಿ ಹೇಳಿದ: "ಈ ಮನೆಗೆ. ಈ ಖಾಲಿ ಕುರ್ಚಿಗೆ. ನನಗೆ ದಿನಾ ರೊಟ್ಟಿ ಕೊಡುವ ತೆಕ್ಲೆಗೆ. ನೂರು ವರ್ಷ ಆರೋಗ್ಯ!"

ಮೇಜಿಗೆ ಮೇಜೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗದಿದ್ದರೆ ಝಾಝಾನ ಕಣ್ಣು ನನ್ನ ಮೇಲೆ ಬೀಳುತ್ತಿತ್ತು, ಅದಕ್ಕೆ. ಇಗ್ನಾತ್ ಬೇರೆ ಯಾರನ್ನೂ ನೋಡಲಿಲ್ಲ, ನಾನು ನಗುವುದನ್ನೇ ನೋಡಿದ. ತಮಾಷೆಯೆಂದು ತಿಳಿದು ತಾನೂ ಸ್ವಲ್ಪ ನಕ್ಕ.

ಅಜ್ಜಿ ಮಾತ್ರ ನಗಲಿಲ್ಲ. ಎದ್ದುಹೋಗಿ ಅವನ ಕೈಯಿಂದ ಗ್ಲಾಸು ತೆಗೆದುಕೊಂಡು, ಬಿಯರ್ ಎತ್ತುವುದು ಯಾರಿಗೆ ಎಂಬುದನ್ನು ರಷ್ಯನ್ನಿನಲ್ಲಿ ಮೆಲ್ಲಗೆ ತಿಳಿಸಿದಳು. ಅವನ ಮುಖ ಕಿವಿಯವರೆಗೂ ಕೆಂಪೇರಿತು.

"ತಪ್ಪಾಯಿತು," ಎಂದು ಜಾರ್ಜಿಯನ್ನಿನಲ್ಲೇ ಹೇಳಿ ಹೊರಟುಹೋದ. ತಪ್ಪು ಅವನದೆಂಬಂತೆ!

"ನಿನಗೇನು ಬಂದಿತ್ತೋ ರೋಗ?" ಎಂದಳು ಅಜ್ಜಿ.

"ಗೆಲಾನ್ನ ಹೊತ್ತವನು ನಾನು ಅಜ್ಜಿ, ನೀನಲ್ಲ," ಎಂದ ಝಾಝಾ.

"ಹೊತ್ತೆ ಕಣಪ್ಪ, ಇಲ್ಲ ಅಂದೋರ್ಯಾರು? ಆದ್ರೆ ಅವನ ಕುರ್ಚಿ ಮುಂದೆ ಅತಿಥಿಗೆ ಅವಮಾನ ಮಾಡಿಬಿಟ್ಟೆ."

ಆಮೇಲೆ ಆ ಬೂಟುಗಳು ಬರಲಿಲ್ಲ. ಒಂದು ದಿನ, ಎರಡು ದಿನ, ಎಂಟು ದಿನ. ಬೀದಿಯಲ್ಲಿ ಹೋಗುವ ಕಾಲುಗಳನ್ನೆಲ್ಲ ನೋಡಿ ನೋಡಿ ಕತ್ತು ಹಿಡಿದುಕೊಂಡಿತು. ಎರಡು ಸಲ ರೊಟ್ಟಿ ಸೀದುಹೋಯಿತು. ಹಿಟ್ಟು ಹಚ್ಚಿಕೊಳ್ಳುವುದನ್ನೂ ಬಿಟ್ಟೆ. ಹತ್ತು ಮಂದಿಯ ನಡುವೆ ಮಾತಾಡುತ್ತ ಕೆಲಸ ಮಾಡುವವಳಿಗೆ ಅಷ್ಟೊಂದು ಒಂಟಿತನ ಎಲ್ಲಿಂದ ಬಂತೋ ಕಾಣೆ.

ಒಂಬತ್ತನೆಯ ದಿನ ಕಿಟಕಿಯ ಮುಂದೆ ಕೆಂಪು ಲೇಸು. ಪಕ್ಕದಲ್ಲೊಂದು ಚೀಲ.

ಮಂಡಿಯೂರಿದ. "ರೊಟ್ಟಿ ಒಂದು, ದಯವಿಟ್ಟು," ಎಂದು ಜಾರ್ಜಿಯನ್ನಿನಲ್ಲಿ ಕೇಳಿ, ಆಮೇಲೆ ಎಂದಿನಂತೆ ತನ್ನ ಭಾಷೆಯಲ್ಲಿ ಹೇಳಿದ: "ಹನ್ನೊಂದಕ್ಕೆ ಬಸ್ಸು. ಇಲ್ಲಿ ರೂಮ್ ಬಿಡಿಸಿದ್ರು. ಬೆಲ್‌ಗ್ರೇಡಲ್ಲಿ ಒಬ್ಬ ಸ್ನೇಹಿತ ಇದ್ದಾನೆ. ನೀನು ನಕ್ಕಿದ್ದಕ್ಕೆ ನಂಗೆ ಬೇಜಾರಿಲ್ಲ. ನಗುವಾಗ ನೀನು ಹೇಗೆ ಕಾಣ್ತೀಯ ಅಂತ ಇಲ್ಲದಿದ್ರೆ ಗೊತ್ತೇ ಆಗ್ತಿರಲಿಲ್ಲ. ಬರ್ತೀನಿ, ತೆಕ್ಲೆ."

ರೊಟ್ಟಿ ತೆಗೆದುಕೊಂಡು ಎದ್ದ. ಬೂಟುಗಳು ನಡೆದವು.

ಎಂಟು ಮೆಟ್ಟಿಲು ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ. ಬೀದಿಯಲ್ಲಿ ಝಾಝಾ ಹಿಟ್ಟಿನ ಮೂಟೆ ಇಳಿಸುತ್ತಿದ್ದ. ತರಕಾರಿ ಅಂಗಡಿಯವಳು ಬಾಗಿಲಲ್ಲಿ ನಿಂತಿದ್ದಳು. ಎಲ್ಲರಿಗೂ ಕೇಳುವಂತೆ, ಹದಿನಾಲ್ಕು ವರ್ಷ ಹೂತಿಟ್ಟಿದ್ದ ಭಾಷೆಯಲ್ಲಿ ಕೂಗಿದೆ:

"ಇಗ್ನಾತ್! ಇವತ್ತು ಹುಬ್ಬಿನ ಮೇಲೆ ಹಿಟ್ಟಿಲ್ಲ ಅಂತ ಹೇಳಲೇ ಇಲ್ವಲ್ಲ?"

ಅವನು ನಿಂತ. ತಿರುಗಿದ. ನೆಟ್ಟಗೆ ನಿಂತ ಅವನೆದುರು ನಾನೂ ನೆಟ್ಟಗೆ ನಿಂತದ್ದು ಅದೇ ಮೊದಲು. ಇಷ್ಟು ಎತ್ತರದವನು ದಿನವೂ ಅಷ್ಟು ಬಗ್ಗುತ್ತಿದ್ದನೇ ಎನಿಸಿತು.

"ನಿಂಗೆ... ಎಲ್ಲಾ ಅರ್ಥ ಆಗ್ತಿತ್ತಾ?"

"ಮೊದಲನೇ ದಿನದಿಂದ."

"ಮತ್ತೆ ಯಾಕೆ ಹೇಳಲಿಲ್ಲ?"

"ಅಣ್ಣನ ಸಮಾಧಿ ಮೇಲೆ ಆಣೆ ಇಟ್ಟಿದ್ದೆ. ಈಗ ಮುರಿದೆ. ಅವನ ಹತ್ರ ನಾನೇ ಮಾತಾಡ್ಕೋತೀನಿ." ಇನ್ನೊಂದು ಹೆಜ್ಜೆ ಹತ್ತಿರ ಹೋದೆ. "ನಾನೂ ಪ್ರೀತಿಸ್ತೀನಿ. ಅವತ್ತು ನಗಬಾರದಿತ್ತು. ಕ್ಷಮಿಸು."

ಝಾಝಾ ಮೂಟೆ ಹಿಡಿದುಕೊಂಡೇ ನಿಂತಿದ್ದ. ಮುಖ ತಿರುಗಿಸಿಕೊಂಡ.

"ಇರು ಅಂತ ಹೇಳು, ಇರ್ತೀನಿ," ಎಂದ ಇಗ್ನಾತ್.

ಹೇಳಬೇಕಿತ್ತು. ಅವನ ಬೆನ್ನ ಹಿಂದೆ ಆ ಗೋಡೆಯ ಬರಹ, ಅವನಿಗೆ ತಂಗಲು ಒಂದು ಕೋಣೆಯಿಲ್ಲದ ಬೀದಿ, ಮುಖ ತಿರುಗಿಸಿ ನಿಂತ ನಮ್ಮ ಝಾಝಾ. ಮೆಟ್ಟಿಲ ಹತ್ತಿರ ಫೋನಿನಲ್ಲೂ ಮಾತಾಡಬಾರದ ಊರಿನಲ್ಲಿ ಇರು ಎಂದು ಯಾವ ಬಾಯಲ್ಲಿ ಹೇಳಲಿ?

"ಬಸ್ಸು ತಪ್ಪುತ್ತೆ," ಎಂದೆ.

ಅವನು ತನ್ನ ಹೆಬ್ಬೆರಳನ್ನು ರೊಟ್ಟಿಗೆ ಅಂಟಿದ್ದ ಹಿಟ್ಟಿಗೆ ಒತ್ತಿ, ನನ್ನ ಎಡ ಹುಬ್ಬಿನ ಮೇಲೆ ಮೆಲ್ಲಗೆ ಎಳೆದ. ಆಮೇಲೆ ಚೀಲ ಎತ್ತಿಕೊಂಡು ನಡೆದ.

ನಾನು ಕೆಳಗಿಳಿದು ಬಂದು ಒಲೆಯ ಮುಂದೆ ನಿಂತೆ. ಆ ಭಾಷೆಯ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು, ಹದಿನಾಲ್ಕು ವರ್ಷದವು, ಒಂದೂ ಮರೆತಿರಲಿಲ್ಲ. ಆಡೋಣವೆಂದರೆ ಕೇಳುವವನು ಬಸ್ಸಿನಲ್ಲಿದ್ದ. ಕಿಟಕಿಗೆ ಯಾರದೋ ಕೈ ಇಳಿಯಿತು. ರೊಟ್ಟಿ ಕೊಟ್ಟೆ, ಹುಬ್ಬು ಒರೆಸಿಕೊಳ್ಳಲಿಲ್ಲ.