ಹೆಸರು ಹೇಳದ ಓಣಿ

ಬಣ್ಣದ ಬೋಗುಣಿಯನ್ನು ಅವಳು ಒದೆಯಲಿಲ್ಲ. ಬಗ್ಗಿ, ಎರಡೂ ಕೈಯಿಂದ ಎತ್ತಿ, ಎಲ್ಲರೂ ನೋಡುತ್ತಿದ್ದಂತೆಯೇ ನಿಧಾನವಾಗಿ ನೆಲಕ್ಕೆ ಸುರಿದಳು. ಕೆಂಪು ಬಣ್ಣ ಫರಸಿಕಲ್ಲಿನ ಚೂರುಗಳ ಸಂದಿಯಲ್ಲಿ ಇಳಿದುಹೋಯಿತು.

"ಯಾಕ್ರೀ ಬಾಯಿ, ಏನ್ ತಪ್ಪಾತು?" ಎಂದು ಕೇಳಿದ ಡ್ರಾಯಿಂಗ್ ಮಾಸ್ತರ. ಹೆಸರು ನಂದಕಿಶೋರ, ಚಿತ್ತಾಪುರದವನು, ರಜೆಯಲ್ಲಿ ಓಣಿಯ ಹುಡುಗರಿಂದ ಗೋಡೆಗೆ ಚಿತ್ರ ಮಾಡಿಸಲು ಬಂದಿದ್ದ. ಅವನ ಎರಡೂ ಅಂಗೈ ಕೆಂಪಗಿದ್ದವು. ಮೂಗಿನ ತುದಿಗೂ ಒಂದಿಷ್ಟು ಹತ್ತಿತ್ತು.

"ಹುಡುಗ್ರಿಗಿ ಏನ್ ಹೇಳಿದ್ರಿ? ಇನ್ನೊಮ್ಮಿ ಹೇಳ್ರಿ."

"ಅಂಗೈ ಬಣ್ಣದಾಗ ಅದ್ದಿ ಗ್ವಾಡಿಗಿ ಒತ್ರಿ, ಕೆಳಗ ನಿಮ್ ನಿಮ್ ಹೆಸರು ಬರೀರಿ ಅಂದೆ. ಚಂದ ಕಾಣಸ್ತದ ಅಂತ..."

"ಅದಕ್ಕೇ ಚೆಲ್ಲಿದೆ."

ಅಷ್ಟು ಹೇಳಿ ಭಾಗ್ಯಶ್ರೀ ತಮ್ಮನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಉಳಿದ ಹುಡುಗ ಹುಡುಗಿಯರೂ ಕರಗಿದರು. ಒಂದರ ಹಿಂದೆ ಒಂದು ಬಾಗಿಲು ಮುಚ್ಚಿಕೊಂಡವು. ಹೊರಸಿನ ಮೇಲೆ ಕೂತಿದ್ದ ಅವಳ ತಂದೆ ಮಡಿವಾಳಯ್ಯ ಒಬ್ಬನೇ ಹೊರಗುಳಿದ. ಕಲ್ಲಿನ ಧೂಳು ಕುಡಿದ ಎದೆ ಅವನದು. ನಕ್ಕರೂ ಕೆಮ್ಮೇ ಬರುತ್ತಿತ್ತು.

"ಮಾಸ್ತರ, ಪೊಲೀಸ್ರೂ ಹಿಂಗೇ ಅಂತಾರ," ಎಂದ ಮುದುಕ. "ಅಂಗೈ ಒತ್ತು, ಹೆಸರು ಹೇಳು. ಅವರ ಬಣ್ಣ ಮಾತ್ರ ಕರೀದಿರ್ತದ."

ಅದು ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆ. ಶಹಾಬಾದದ ರೈಲು ಹಳಿಯ ಪಕ್ಕ, ನೀರು ತುಂಬಿ ಬಿಟ್ಟುಹೋದ ಖಣಿಯ ದಂಡೆಗೆ ಆ ಕಾಲೊನಿ. ಕಲ್ಲು ಒಡೆಯುವವರಿಗೆಂದು ಕಟ್ಟಿದ ಸಾಲುಮನೆಗಳು. ಖಣಿ ನಿಂತಿತು, ಕೆಲಸ ಹೋಯಿತು, ಕಳ್ಳರ ಕಾಲೊನಿ ಎಂಬ ಹೆಸರು ಬಂತು. ಆಟೋದವರು ರೈಲ್ವೆ ಗೇಟಿನ ಆಚೆಯೇ ಇಳಿಸುತ್ತಿದ್ದರು. ಸಿಗ್ನಲ್ಲಿಗೆಂದು ರೈಲು ನಿಧಾನವಾದರೆ ಒಳಗಿನ ಮಂದಿ ಟಪಟಪನೆ ಕಿಟಕಿ ಇಳಿಸಿಕೊಳ್ಳುತ್ತಿದ್ದರು. ಊರಲ್ಲಿ ಎಲ್ಲಿ ಏನು ಕಳೆದರೂ ಜೀಪು ಬರುವುದು ಇಲ್ಲಿಗೇ. ಹೀಗಾಗಿ ಓಣಿಯಲ್ಲಿ ಒಂದು ಕಟ್ಟು ತಾನಾಗಿ ಬೆಳೆದಿತ್ತು. ಹೊರಗಿನವರ ಮುಂದೆ ಯಾರನ್ನೂ ಖರೇ ಹೆಸರಿನಿಂದ ಕರೆಯಬಾರದು. ಗೊತ್ತೇ ಇಲ್ಲದ ಹೆಸರನ್ನು ಠಾಣೆಯವರು ಹೇಗೆ ಬರೆದುಕೊಂಡಾರು?

ಭಾಗ್ಯಶ್ರೀಗೆ ಈ ಕಟ್ಟು ಎಲ್ಲರಿಗಿಂತ ಬಿಗಿ. ತಾಯಿ ಸತ್ತ ಮೇಲೆ ಬ್ಲೌಸು ಹೊಲಿದು ತಮ್ಮ ಸಿದ್ಧಲಿಂಗನನ್ನು ದೊಡ್ಡವನನ್ನಾಗಿ ಮಾಡಿದವಳು ಅವಳು. ಜೂನ್‌ನಲ್ಲಿ ಅವನು ವಾಡಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಕಲಿಯಲು ಸೇರುವವನಿದ್ದ. ಸೇರಿಸಿಕೊಳ್ಳುವ ಮೊದಲು ಅವರು ಠಾಣೆಯಲ್ಲಿ ವಿಚಾರಿಸುತ್ತಾರೆ. ಅಲ್ಲಿ ಒಮ್ಮೆ ಹೆಸರು ಬಿತ್ತೆಂದರೆ ಮುಗಿಯಿತು, ಹುಡುಗ ಜೀವಮಾನವೆಲ್ಲ ಗೇಟಿನ ಈಚೆಗೇ.

ಮಾಸ್ತರ ಇನ್ನು ಬರಲಿಕ್ಕಿಲ್ಲ ಎಂದುಕೊಂಡಳು. ಮರುದಿನ ಬಂದ.

ಈ ಸಲ ಬೋಗುಣಿ ಇರಲಿಲ್ಲ. ಕಲ್ಲು ಪಾಲಿಶ್ ಮಾಡುವ ಮಷೀನಿನವರು ಬಿಸಾಕಿದ ಚೂರುಗಳನ್ನು ಚೀಲದಲ್ಲಿ ಹೊತ್ತು ತಂದಿದ್ದ. ಬೂದಿ, ನೀಲಿ, ಹಳದಿ, ಮಬ್ಬು ಗುಲಾಬಿ. ಗೋಡೆಯ ಬುಡದಲ್ಲಿ ಸುರಿದು, "ಇವತ್ತು ನಾ ಏನೂ ಹೇಳಂಗಿಲ್ಲ. ಏನ್ ಮಾಡ್ಬೇಕು ನೀವೇ ಹೇಳ್ರಿ," ಎಂದು ಸುಮ್ಮನೆ ಕೂತುಬಿಟ್ಟ.

ಬಿಸಿಲು ಏರುವ ತನಕ ಯಾರೂ ಬರಲಿಲ್ಲ. ಆಮೇಲೆ ಪಕ್ಕದ ಮನೆಯ ಬಂದೇಅಲಿಯ ಮಗಳು ಬಾಗಿಲಿಂದಲೇ ಕೂಗಿದಳು, "ರೈಲು ಮಾಡೂಣು ಸರ್! ಎಲ್ಲಾ ಕಿಟಕಿ ತೆಗೆದಿರಬೇಕು!"

ಅಲ್ಲಿಂದ ಶುರುವಾಯಿತು. ಕಲ್ಲು ಅವರ ಕೈಗೆ ಹೊಸದಲ್ಲ. ಸುತ್ತಿಗೆಯಲ್ಲಿ ಒಂದು ಪೆಟ್ಟು ಕೊಟ್ಟರೆ ಬೇಕಾದ ಆಕಾರಕ್ಕೆ ಚೂರು ಸೀಳುತ್ತಿತ್ತು. ಸಿಮೆಂಟ್ ಮೆತ್ತಿ ಗೋಡೆಗೆ ಕೂರಿಸುತ್ತ ಹೋದರು. ಮಾಸ್ತರ ಹೆಸರು ಕೇಳಿದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಡಿಸ್ಕೋ," "ಟಮಾಟಿ," "ಬಾಟ್ಲಿ" ಎಂದರು. ಸಿದ್ಧಲಿಂಗ ಗಂಭೀರವಾಗಿ "ಇಂಜಿನ್" ಎಂದ. ಮಾಸ್ತರ ನಗಲಿಲ್ಲ. "ಟಮಾಟಿ, ಆ ಹಳದಿ ತುಂಡು ತಗೊಂಬಾ. ಇಂಜಿನ್, ನಿನ್ನ ಗಾಲಿ ಸೊಟ್ಟ ಆಗ್ಯಾವ ನೋಡು," ಎಂದು ಹುಟ್ಟಿದಾಗಿನಿಂದ ಅದೇ ಹೆಸರೇನೋ ಎಂಬಂತೆ ಕರೆದ.

ಭಾಗ್ಯಶ್ರೀ ಹೊಲಿಗೆ ಮಷೀನನ್ನು ಕಿಟಕಿಯ ಬಳಿಯಿಂದ ಎತ್ತಿಸಿ, ಗೋಡೆ ಪೂರಾ ಕಾಣುವಂತೆ ಹೊಸ್ತಿಲ ಹತ್ತಿರ ಇಡಿಸಿದಳು. ಇವನು ಯಾಕೆ ಬಂದಿದ್ದಾನೆ? ರಜೆಯಲ್ಲಿ ಮನೆಯಲ್ಲಿ ಕೂತು ಮಾವಿನಹಣ್ಣು ತಿನ್ನುವುದು ಬಿಟ್ಟು ಈ ಬಿಸಿಲಿಗೆ ಯಾಕೆ ಸಾಯುತ್ತಾನೆ? ಮೊದಲೂ ಒಬ್ಬಿಬ್ಬರು ಬಂದಿದ್ದರು, ಬಿಸ್ಕೀಟು ಹಂಚಿ ಫೋಟೋ ಹೊಡೆದುಕೊಂಡು ಹೋಗಿದ್ದರು. ಪೇಪರಿನಲ್ಲಿ ಬಂದದ್ದು ನೋಡಿದರೆ ಓಣಿಗೇ ನಾಚಿಕೆ.

"ಟೇಲರಬಾಯಿ," ಎಂದ ಒಂದು ದಿನ ಅವನು, ಗೋಡೆಯ ಕಡೆ ಮುಖ ಮಾಡಿಕೊಂಡೇ. "ನಿಮ್ ಮಷೀನ್ ಭಾಳ ಹೊತ್ತಿನಿಂದ ಸುಮ್ನ ಅದ. ನನ್ನೇ ನೋಡ್ಲಿಕತ್ತೀರಿ ಅಂತ ಕಾಣಸ್ತದ."

"ನಿಮ್ಮನ್ನ ಯಾರ್ ನೋಡ್ತಾರ? ನಮ್ ಸಿಮೆಂಟ್ ಚೀಲ ಎಣಸ್ಲಿಕತ್ತೀನಿ."

"ಚೀಲ ನಾನೇ ತಂದಿದ್ದು."

"ತಂದವ್ರೇ ಒಯ್ಯೋದು ಜಾಸ್ತಿ."

ಹುಡುಗರು ಹೋ ಎಂದು ನಕ್ಕರು. ಅವನ ಕಿವಿ ಕೆಂಪಾದವು. ತಿರುಗಿ ನೋಡಿದ. ರೆಪ್ಪೆಯ ಮೇಲೆಲ್ಲ ಕಲ್ಲಿನ ಬಿಳಿ ಹಿಟ್ಟು ಕೂತಿತ್ತು. ಆ ಹಿಟ್ಟಿನ ನಡುವೆ ಕಣ್ಣು ಎರಡೂ ನಗುತ್ತಿದ್ದವು. ಭಾಗ್ಯಶ್ರೀ ತಟ್ಟನೆ ಮಷೀನು ತುಳಿದಳು. ಕುಬುಸದ ತೋಳು ಅಡ್ಡಾದಿಡ್ಡಿ ಹೊಲಿದುಹೋಯಿತು. ಬಿಚ್ಚಬೇಕಾಯಿತು.

ಧೂಳಿಗೆ ಅವನೂ ಕೆಮ್ಮಲು ಶುರುಮಾಡಿದ್ದು ಅವಳಿಗೆ ಸಹಿಸಲಾಗಲಿಲ್ಲ. ಆ ಕೆಮ್ಮು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಮನೆಯಲ್ಲೇ ಕಂಡವಳು. ಬ್ಲೌಸಿನೊಳಗೆ ಹಾಕಿ ಉಳಿದ ಅಸ್ತರಿನ ಬಟ್ಟೆಗೆ ಎರಡು ಲಾಡಿ ಹೊಲಿದು, ತಮ್ಮನ ಕೈಯಲ್ಲಿ ಕಳಿಸದೆ ತಾನೇ ಒಯ್ದು ಕೊಟ್ಟಳು.

"ಮೂಗಿಗಿ ಕಟ್ಕೋರಿ."

ಅವನು ಬಿಡಿಸಿ ನೋಡಿದ. ಗುಲಾಬಿ ಬಣ್ಣ, ಸಣ್ಣ ಸಣ್ಣ ಹೂವು.

"ಬ್ಯಾರೆ ಬಣ್ಣ ಇರ್ಲಿಲ್ಲೇನ್ರಿ?"

"ಇತ್ತು. ಕೊಡ್ಲಿಲ್ಲ."

ಕಟ್ಟಿಕೊಂಡ. ಓಣಿ ಪೂರಾ ನಕ್ಕಿತು, ಹೊರಸಿನ ಮೇಲಿನ ಮುದುಕನೂ ಕೆಮ್ಮಿ ಕೆಮ್ಮಿ ನಕ್ಕ. ಅವನು ಮಾತ್ರ ಸಂಜೆಯ ತನಕ ಬಿಚ್ಚಲಿಲ್ಲ. ಹೊರಡುವಾಗ ನೀರು ಕೇಳಿದ. ತಂಬಿಗೆ ಕೊಡುತ್ತ ಅವಳು, ಯಾಕೆ ಹೇಳಿದಳೋ ಅವಳಿಗೂ ತಿಳಿಯದು, "ಟೇಲರಬಾಯಿ ಅನಬ್ಯಾಡ್ರಿ. ಭಾಗ್ಯಶ್ರೀ ಅಂತ ನನ್ ಹೆಸರು," ಎಂದಳು.

ಅವನು ನೀರು ಕುಡಿಯುವುದನ್ನು ಮರೆತು ನಿಂತ. ಅಷ್ಟು ದಿನದಲ್ಲಿ ಆ ಓಣಿ ಅವನಿಗೆ ಕೊಟ್ಟ ಮೊದಲ ಖರೇ ಹೆಸರು ಅದು.

ಅಕ್ಕ ಹೇಳಿದಳೆಂದು ತಮ್ಮನೂ ತನ್ನ ಖರೇ ಹೆಸರು ಹೇಳಿದ. ಅಲ್ಲೇ ಕುತ್ತು ಬಂತು.

ಒಂದು ಗುರುವಾರ ಸಂಜೆ ಪಾಲಿಶ್ ಮಷೀನಿನ ತಾಮ್ರದ ವೈರು ಕಳುವಾಯಿತು. ಶನಿವಾರ ಮುಂಜಾನೆ ಜೀಪು ಬಂತು. ಜಮಾದಾರ ಇಳಿದು ಎಡಬಲ ನೋಡದೆ ಕೂಗಿದ, "ಸಿದ್ಧಲಿಂಗ ಯಾರಲೇ? ಮಡಿವಾಳಯ್ಯನ ಮಗ ಸಿದ್ಧಲಿಂಗ?"

ಮಷೀನಿನ ಗಾಲಿಯ ಮೇಲಿದ್ದ ಭಾಗ್ಯಶ್ರೀಯ ಕೈ ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಜೀಪಿನಿಂದ ಇಳಿದವರು ಈ ಓಣಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆದಿರಲಿಲ್ಲ. ಹುಡುಗನನ್ನು ಕೂರಿಸಿಕೊಂಡು ಜೀಪು ಹೋಯಿತು. ಎಲ್ಲರ ಕಣ್ಣು ಗೋಡೆಯ ಕಡೆ ತಿರುಗಿದವು. ಕೈಯಲ್ಲಿ ಕಲ್ಲಿನ ಚೂರು ಹಿಡಿದು ನಿಂತಿದ್ದ ನಂದಕಿಶೋರನ ಮುಖ ಸುಣ್ಣವಾಗಿತ್ತು.

"ಹೆಸರು ಯಾರ್ ಕೊಟ್ರು?" ಎಂದಳು ಭಾಗ್ಯಶ್ರೀ. ದನಿ ಏರಿಸಲಿಲ್ಲ.

"ನಾನು. ನಾನೇ ಹೇಳಿದೆ." ಅವನು ತಡವರಿಸಿದ. "ನಿನ್ನಿ ಚಾದ ಹೋಟೆಲ್ನಾಗ ಜಮಾದಾರ ಸಿಕ್ಕಿದ್ರು. ಕಾಲೊನಿ ಹುಡುಗ್ರದೇ ಕೆಲಸ ಅಂದ್ರು. ಹಂಗಲ್ರಿ, ಆ ಸಂಜಿ ಸಿದ್ಧಲಿಂಗ ಕತ್ತಲಾಗೋ ತನಕ ನನ್ ಜೋಡಿನೇ ಇದ್ದ, ಒಳ್ಳೇ ಹುಡುಗ, ವಾಡಿಯಾಗ ಕೆಲಸಕ್ಕ ಸೇರಂವ ಇದ್ದಾನ ಅಂತ ಹೇಳಿದೆ. ಖರೇ ಹೇಳಿದ್ರ ನಿಮಗ ಒಳ್ಳೇದಾಗ್ತದ ಅಂತ..."

"ಒಳ್ಳೇ ಹುಡುಗ ಅಂತ ಹೇಳಿದ್ರೋ, ಕೆಟ್ಟ ಹುಡುಗ ಅಂತ ಹೇಳಿದ್ರೋ, ಅವರ ಕಿವಿಗಿ ಬೀಳೋದು ಹೆಸರು ಒಂದೇ ಮಾಸ್ತರ. ಉಳದದ್ದು ಅವರು ಕೇಳಂಗಿಲ್ಲ."

ಅವನು ಚೂರು ಕೆಳಗಿಟ್ಟು, ಕೈ ಕೂಡ ತೊಳೆಯದೆ ಸೈಕಲ್ ಹತ್ತಿ ಹೋದ. ಓಡಿಹೋದ ಎಂದರು ಓಣಿಯವರು. ಅವಳೂ ಹಾಗೇ ತಿಳಿದಳು.

ತಲೆಗೆ ಸೆರಗು ಹೊದ್ದು ಅವಳು ಠಾಣೆಗೆ ನಡೆದಳು. ಒಳಗೆ ಬಿಡಲಿಲ್ಲ. ಎದುರಿನ ಬೇವಿನ ಗಿಡದ ಕೆಳಗೆ ಕೂತಳು. ಅಲ್ಲಿಂದ ಬಾಗಿಲೊಳಗಿನ ಬೆಂಚು ಕಾಣುತ್ತಿತ್ತು. ಬೆಂಚಿನ ಮೇಲೆ ತಮ್ಮ. ಅವನ ಮಗ್ಗುಲಲ್ಲೇ, ಸಿಮೆಂಟ್ ಹತ್ತಿದ ಅಂಗಿಯಲ್ಲಿ ಮಾಸ್ತರ.

ಇವನು ಇನ್ನೇನು ಹೇಳಿಕೊಡಲಿಕ್ಕೆ ಬಂದ? ಕಣ್ಣು ಕೀಲಿಸಿ ಕೂತಳು.

ಜಮಾದಾರನ ಮಾತು ರಸ್ತೆಗೇ ಕೇಳುತ್ತಿತ್ತು. "ಸರ್, ನಿಮ್ಮನ್ನ ಯಾರ್ ಕರದಾರ್ರಿ? ಮನಿಗಿ ಹೋಗ್ರಿ."

"ಇವನ ಹೆಸರು ನಾ ಸಾಕ್ಷಿ ಅಂತ ಕೊಟ್ಟೀನ್ರಿ. ಸಾಕ್ಷಿನೇ ಹಿಡ್ಕೊಂಡು ಕುಂದ್ರಿಸೀರಿ. ಆ ಸಂಜಿ ಇವ ಎಲ್ಲಿದ್ನೋ ನಾನೂ ಅಲ್ಲೇ ಇದ್ದೆ. ಇವನನ್ನ ಬರ್ಕೊಂಡ್ರ ನನ್ನೂ ಬರ್ಕೋರಿ."

"ಸರ್ಕಾರಿ ನೌಕರಿ ಅದ ನಿಮ್ದು. ಹುಚ್ಚುಚ್ಚಾರ ಮಾತಾಡಬ್ಯಾಡ್ರಿ."

"ಗೊತ್ತದ್ರಿ. ಅದನ್ನೂ ಬರ್ಕೋರಿ."

ಮಧ್ಯಾಹ್ನವಾಯಿತು. ಚಹಾ ಬಂತು. ಮಾಸ್ತರನ ಮುಂದೆಯೂ ಒಂದು ಕಪ್ಪು ಇಟ್ಟರು. ಅವನು ಕುಡಿದ. ಅವರ ಚಹಾ ಕುಡಿದವನು ಅವರವನೇ ಎಂದುಕೊಂಡಳು. ಆದರೆ ಕುಡಿದ ಮೇಲೂ ಅವನು ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಜಮಾದಾರನಿಗೇ ಸಾಕಾಯಿತು. ಇಬ್ಬರನ್ನೂ ಒಟ್ಟಿಗೆ ಹೊರಗೆ ದಬ್ಬಿದ. ಏನೂ ಬರೆದುಕೊಳ್ಳಲಿಲ್ಲ ಎಂದ ತಮ್ಮ.

"ಅವರ ಚಾ ಕುಡದ್ರಿ," ಎಂದಳು ಭಾಗ್ಯಶ್ರೀ, ಅವನ ಮುಖ ನೋಡದೆ.

"ಕುಡದೆ. ಮುಂಜಾನಿಯಿಂದ ಏನೂ ತಿಂದಿರ್ಲಿಲ್ರಿ." ಆಮೇಲೆ ಮೆಲ್ಲಗೆ ಸೇರಿಸಿದ, "ಸಕ್ಕರಿನೇ ಇರ್ಲಿಲ್ಲ."

ನಗು ಬಂತು. ನುಂಗಿಕೊಂಡು ತಮ್ಮನ ಕೈ ಹಿಡಿದು ನಡೆದುಬಿಟ್ಟಳು. ಬರೆದುಕೊಂಡಿಲ್ಲ ಎನ್ನುವುದು ಬಾಯಿಮಾತು. ಖರೆಯೋ ಸುಳ್ಳೋ ವಾಡಿಯವರು ವಿಚಾರಿಸಿದಾಗಲೇ ಗೊತ್ತಾಗುವುದು.

ಅಲ್ಲಿಯ ತನಕ ಅವಳು ಅವನೊಡನೆ ಮಾತಾಡಲಿಲ್ಲ. ಓಣಿಯೂ ಆಡಲಿಲ್ಲ. ಅವನು ದಿನಾ ಬಂದು ಒಬ್ಬನೇ ಚೂರು ಕೂರಿಸಿದ. ಯಾರನ್ನೂ ಕರೆಯಲಿಲ್ಲ, ಯಾರ ಬಾಗಿಲಲ್ಲೂ ನಿಂತು ಸಮಾಧಾನ ಹೇಳಲಿಲ್ಲ. ಅವನು ಕೂರಿಸಿದ ರೈಲಿನ ಗಾಲಿಗಳು ಅಂಕುಡೊಂಕು. ಅದನ್ನು ನೋಡಲಾರದೆ ಮೊದಲು ಸಿದ್ಧಲಿಂಗನೇ ಎದ್ದು ಹೋದ. "ಸರಕೋರಿ ಸರ್, ಕೆಡಸ್ಲಿಕತ್ತೀರಿ," ಎಂದು ಸುತ್ತಿಗೆ ಕಸಿದುಕೊಂಡ. ಅಕ್ಕ ಬೇಡ ಎನ್ನಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ಹೋದರು.

ಜೂನ್ ಬಂತು. ವಾಡಿಯವರು ವಿಚಾರಿಸಿದರು. ಠಾಣೆಯಿಂದ ತಕರಾರು ಬರಲಿಲ್ಲ. ಸೋಮವಾರ ಮುಂಜಾನೆ ಸಿದ್ಧಲಿಂಗ ಬುತ್ತಿ ಹಿಡಿದು ರೈಲು ಹತ್ತಿದ. ಅವನನ್ನು ಕಳಿಸಿ ಬಂದ ಭಾಗ್ಯಶ್ರೀ ಮನೆಗೆ ಹೋಗಲಿಲ್ಲ. ನೆಟ್ಟಗೆ ಗೋಡೆಯ ಹತ್ತಿರ ಬಂದಳು. ಕೆಲಸ ಮುಗಿದಿತ್ತು, ನಂದಕಿಶೋರ ಸಾಮಾನು ಕಟ್ಟುತ್ತಿದ್ದ.

"ನಾಳಿಯಿಂದ ಸಾಲಿ ಸುರು ಏನ್ರಿ?"

"ಹೂಂ." ಅವನು ಚೀಲದ ಗಂಟು ಬಿಟ್ಟು ಎದ್ದು ನಿಂತ. "ಇಷ್ಟು ದಿನ ಆದ ಮ್ಯಾಲ ಮಾತಾಡಿದ್ರಿ."

"ತಮ್ಮ ಕೆಲಸಕ್ಕ ಹೋಗ್ಲಿ ಅಂತ ಕಾದೆ. ಅದಕ್ಕೂ ಮೊದ್ಲ ಮಾತಾಡಿದ್ರ ನನ್ ಮಾತು ನಾನೇ ನಂಬ್ತಿರ್ಲಿಲ್ಲ."

"ನಾ ಮಾಡಿದ್ದು ಭಾಳ ದೊಡ್ಡ ತಪ್ಪು."

"ಹೌದು. ದೊಡ್ಡದೇ." ಅವಳು ಗೋಡೆಯ ಕಟ್ಟೆಯ ಮೇಲೆ ಕೂತಳು. "ಆದ್ರ ತಪ್ಪು ಮಾಡಿ ನೀವು ಓಡಿಹೋಗ್ಲಿಲ್ಲ. ಅದು ನಾ ಎಂದೂ ನೋಡಿರ್ಲಿಲ್ಲ."

ಅವನು ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ನಾಳಿಯಿಂದ ಬರ್ಲಿಕ್ಕ ನನಗ ನೆವ ಇಲ್ರಿ ಭಾಗ್ಯಶ್ರೀ. ನೆವ ಇಲ್ದೇ ಬರಬೇಕಂತ ಅದ. ಯಾವತ್ತಿಗೂ. ನಿಮ್ಮಪ್ಪನ ಕೇಳ್ಲಿ?"

ಒಳಗಿನಿಂದ ಕೆಮ್ಮು ಕೇಳಿಸಿತು. "ನನ್ನ ಯಾಕ ಕೇಳ್ತೀ ಮಾಸ್ತರ? ಈ ಮನಿ ಜಮಾದಾರ ಅಕೀನೇ!" ಎಂದ ಮಡಿವಾಳಯ್ಯ.

ಭಾಗ್ಯಶ್ರೀ ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ನಿಮ್ಮವ್ವ ಏನಂತಾರ?"

"ಕಾಲೊನಿ ಹುಡುಗಿ ನಿನ್ನ ಹ್ಯಾಂಗ ಬುಟ್ಟಿಗಿ ಹಾಕ್ಕೊಂಡ್ಳು, ಮೊದ್ಲ ಅದನ್ನ ಹೇಳು ಅಂತಾಳ. ಅಕೀಗಿ ಎಲ್ಲಾದ್ರ ಮ್ಯಾಲೂ ಅನುಮಾನ."

"ಹಂಗಾರ ನಮ್ಮಿಬ್ಬರಿಗಿ ಹೊಂದ್ತದ."

ಅವನು ನಕ್ಕ. ನಕ್ಕವನು ಅರ್ಧಕ್ಕೇ ನಿಂತು, ಹೆದರಿಕೊಂಡೇ ಕೇಳಿದ, "ನನ್ ಮ್ಯಾಲ ನಂಬಿಕಿ ಬಂದದೇನ್ರಿ?"

ಅವಳು ಅವನನ್ನು ತಲೆಯಿಂದ ಕಾಲಿನ ತನಕ ನೋಡಿದಳು, ಅಳತೆ ತೆಗೆದುಕೊಳ್ಳುವವಳ ಹಾಗೆ, ಅವಸರವಿಲ್ಲದೆ.

"ಪೂರಾ ಬಂದಿಲ್ಲ."

"ಎಷ್ಟು ಬಂದದ?"

"ಮದಿವಿ ಮಾಡ್ಕೊಳ್ಳೋವಷ್ಟು ಬಂದದ," ಎಂದಳು ಭಾಗ್ಯಶ್ರೀ. "ಉಳದದ್ದು ಆಮ್ಯಾಲ ನೋಡೂಣು."