ನಾಲೆ ಏರಿಯ ನಿಧಾನ ನಡಿಗೆ

“ನೋಡ್ರಕ್ಕಾ, ನಮ್ಮತ್ತೆಗೋಸ್ಕರ ದೇವಣ್ಣ ನಡಿಗೇನೇ ನಿಧಾನ ಮಾಡ್ಕಂಡವ್ರೆ!”

ಬೆಳಗೊಳದ ಡೈರಿ ಮುಂದೆ ಹಾಲು ಅಳೆಸಲು ನಿಂತಿದ್ದ ಹೆಂಗಸರ ನಡುವೆ ಸೊಸೆ ಪ್ರಮೀಳಾ ಹೀಗೆಂದಾಗ ಚಿಕ್ಕಬೋರಮ್ಮನ ಕೆನ್ನೆ ಬಿಸಿಯಾಯಿತು. ಅರವತ್ತು ದಾಟಿದ ಕೆನ್ನೆ. ವಿಧವೆಯ ಕೆನ್ನೆ. ಅದು ಬಿಸಿಯಾಗಬಾರದೆಂದು ಊರು ಎಂದೋ ತೀರ್ಪು ಕೊಟ್ಟಿತ್ತು. ಕೆನ್ನೆ ಆ ತೀರ್ಪು ಕೇಳಲಿಲ್ಲ.

ಆ ಊರಲ್ಲಿ ಗಂಡಸು ಮುಂದೆ, ಹೆಂಗಸು ನಾಲ್ಕು ಮಾರು ಹಿಂದೆ. ಸಂತೆಗೆ ಹೋಗಲಿ, ತವರಿಗೆ ಹೋಗಲಿ, ಗಂಡ ಬದುಕಿದ್ದಷ್ಟು ಕಾಲ ಚಿಕ್ಕಬೋರಮ್ಮ ದಾರಿಯುದ್ದಕ್ಕೂ ಕಂಡದ್ದು ಅವನ ಒಡೆದ ಹಿಮ್ಮಡಿಗಳನ್ನು. ನಡೆಯುವ ಗಂಡಸಿನ ಮುಖ ಹೇಗಿರುತ್ತದೆಂದು ತೋರಿಸಿದವನು ದೇವಯ್ಯ.

ಪಾಂಡವಪುರದಲ್ಲಿ ದುಡಿದು ನಿವೃತ್ತನಾಗಿ ಊರಿಗೆ ಮರಳಿದ್ದ ಈ ವಿಧುರ ಗಾಳಿಯಂತೆ ನಡೆಯುತ್ತಿದ್ದ. ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಅದೇನಾಯಿತೋ, ನಾಲೆ ಏರಿಯ ಮೇಲೆ ದಿನವೂ ಅವಳ ಪಕ್ಕಕ್ಕೇ ಬರತೊಡಗಿದ. ಇಬ್ಬರ ನಡುವೆ ಅವಳ ಹಾಲಿನ ಕ್ಯಾನು ತೂಗುತ್ತಿತ್ತು, ಕಾವಲುಗಾರನಂತೆ.

ಊರಿಗೆಲ್ಲ ಅವನು ದೇವಣ್ಣ. ಅವಳ ನಾಲಿಗೆಗೆ ಮಾತ್ರ ಆ ‘ಅಣ್ಣ’ ಬರುತ್ತಿರಲಿಲ್ಲ.

“ಏನ್ ದೇವಯ್ನೋರೆ, ಕಾಲ್ಗೆ ಮುಳ್ಳು ಚುಚ್ಚೈತಾ? ಇಷ್ಟ್ ಮೆಲ್ಲಗೆ?”

“ನೀನು ಇರುವೆ ಅಂಗೆ ಬತ್ತೀಯ. ಬುಟ್ಟೋಗಕ್ಕಾಯ್ತದಾ?”

ಹೊಂಗೆಮರದ ಹತ್ತಿರ ಅವನು ತಪ್ಪದೆ ನಿಲ್ಲುತ್ತಿದ್ದ. “ನೋಡ್ ಬೋರಮ್ಮಿ, ಗದ್ದೇಲಿ ಬೆಳ್ಳಕ್ಕಿ.” ಅವಳು ಬೆಳ್ಳಕ್ಕಿಯನ್ನು ನೋಡುತ್ತಿರಲಿಲ್ಲ. ಅವನ ಬೆಳ್ಳಗಾದ ತುಟಿಯನ್ನು, ಕತ್ತಿನ ಮೇಲೆ ಇಳಿಯುವ ಬೆವರ ಹನಿಯನ್ನು ನೋಡುತ್ತಿದ್ದಳು. ಅದೂ ಚೆಂದ ಕಾಣುತ್ತಿತ್ತು.

ಒಂದು ದಿನ ಮಂಡಿ ನೋವೆಂದು ಆಸ್ಪತ್ರೆಗೆ ಹೋದಳು. ಹೊಸ ಡಾಕ್ಟರಮ್ಮ ಬಾಗಿಲಿನಿಂದ ಮೇಜಿನವರೆಗೆ ನಡೆಯಲು ಹೇಳಿದರು.

“ಮಂಡಿ ನೋವು ಅಂದ್ರೆ ಮೆರವಣಿಗೆ ಮಾಡುಸ್ತೀರಲ್ಲವ್ವ!”

ಡಾಕ್ಟರಮ್ಮ ನಕ್ಕರು. “ವಯಸ್ಸಾದವರ ನಡಿಗೆಯ ವೇಗ ನೋಡಿದ್ರೆ ಆರೋಗ್ಯ ಹೇಗಿದೆ ಅಂತ ಸುಮಾರಾಗಿ ಗೊತ್ತಾಗುತ್ತಮ್ಮ. ನಿಮ್ಮದೇನೂ ತೊಂದರೆಯಿಲ್ಲ. ಚುರುಕಾಗಿ ನಡೀತಿದ್ದವರು ಇದ್ದಕ್ಕಿದ್ದಂತೆ ನಿಧಾನ ಆದ್ರೆ ಮಾತ್ರ, ವಯಸ್ಸಾಯ್ತು ಅಂತ ಸುಮ್ಮನಿರಬಾರದು. ಒಳಗೇನೋ ಕೆಟ್ಟಿರಬಹುದು.”

ಹೊರಗೆ ಬಂದವಳಿಗೆ ಬೆಳ್ಳಕ್ಕಿ ನೆನಪಾಯಿತು. ಆ ಬೆವರು. ಆ ಬಿಳಿಚಿದ ತುಟಿ. ಗಾಳಿಯಂತಿದ್ದವನು ಇದ್ದಕ್ಕಿದ್ದಂತೆ ನಿಧಾನವಾಗಿದ್ದ.

ಹೇಳಿದರೆ ಅವನು ಗುಣವಾಗುತ್ತಾನೆ. ಗುಣವಾದರೆ ಮತ್ತೆ ಗಾಳಿಯಾಗುತ್ತಾನೆ. ಅವಳ ಪಾಲಿಗೆ ಮತ್ತೆ ಹಿಮ್ಮಡಿ. ಮರುದಿನ ಡೈರಿಗೆ ಹೋಗುವಾಗ ಬಾಯಿ ಬಿಡಲಿಲ್ಲ. ಹಿಂತಿರುಗುವಾಗ ತನ್ನ ಆಸೆಯ ಮೇಲೆ ತನಗೇ ಹೇಸಿಗೆಯಾಯಿತು. ಅವನು ಹೊಂಗೆಮರದ ಬಳಿ ನಿಂತು ಗದ್ದೆಯ ಕಡೆ ಕೈ ಎತ್ತಿದ.

“ಇವತ್ತು ಬೆಳ್ಳಕ್ಕಿ ಇಲ್ಲ ದೇವಯ್ನೋರೆ. ಉಸ್ರು ಸಾಲ್ತಿಲ್ಲ ಅಲ್ವಾ ನಿಮ್ಗೆ?”

ಎತ್ತಿದ ಕೈ ಇಳಿಯಿತು. “ಚಳಿಗಾಲ ಕಳೆದ್ಮೇಲಿಂದ ಇಂಗೇ ಕಣಮ್ಮಿ.”

“ಅಂಗಾರೆ... ನನ್ಗೋಸ್ಕರ ಅಲ್ಲ.”

“ನಿನ್ಗೋಸ್ಕರ ಅಂತ ಎಲ್ಲಾರೂ ಅಂತಿದ್ರಲ್ಲ, ಕೇಳಕ್ಕೆ ಚೆಂದಾಗಿತ್ತು. ಅಂಗೇ ಇರ್ಲಿ ಅಂತ ಸುಮ್ಕಿದ್ದೆ.”

“ಚೆಂದಕ್ಕೆ ಸಾಯ್ತಾರಾ ಯಾರಾರ?” ಅವಳ ದನಿ ಒಡೆಯಿತು. “ನಡೀರಿ ಮೈಸೂರ್ಗೆ. ನಾನೂ ಬತ್ತೀನಿ.”

“ಬಸ್ಸಲ್ಲಿ ನೀನೆಲ್ಲಿ ಕೂತ್ಕತೀಯ? ಜನ...”

“ನಿಮ್ ಪಕ್ಕ. ಜನಕ್ಕೆ ಕಣ್ಣುರುದ್ರೆ ಮುಚ್ಕಳ್ಲಿ.”

ಹಾಗೆಯೇ ಕೂತಳು. ಕಂಡಕ್ಟರ್ ಎರಡು ಸಲ ಹೆಂಗಸರ ಸೀಟು ತೋರಿಸಿದ, ಅವಳು ಅಲುಗಲಿಲ್ಲ.

ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೊಳಗೇ ರಕ್ತ ಸೋರಿದೆ, ಮೈಯಲ್ಲಿ ರಕ್ತವೇ ಇಲ್ಲ ಎಂದರು ಮೈಸೂರಿನ ಡಾಕ್ಟರು. ಔಷಧ ಮುಗಿಯುವವರೆಗೆ ಅಲ್ಲೇ ನೆಲೆಸಿದ್ದ ಅವನ ಮಗಳು ಪವಿತ್ರ ಅಪ್ಪನನ್ನು ಮೈಸೂರಿನಲ್ಲೇ ಉಳಿಸಿಕೊಂಡಳು.

ನಾಟಿ ಮುಗಿಯಿತು. ಪೈರು ಮೊಣಕಾಲಿಗೆ ಬಂತು, ತೆನೆ ಕಟ್ಟಿತು. ಚಿಕ್ಕಬೋರಮ್ಮ ಒಬ್ಬಳೇ ಏರಿಯ ಮೇಲೆ ನಡೆದಳು. ಹೊಂಗೆಮರದ ಬಳಿ ದಿನವೂ ನಿಂತಳು. ಬೆಳ್ಳಕ್ಕಿ ಎಷ್ಟು ಬೆಳ್ಳಗಿರುತ್ತದೆಂದು ಅವಳು ಸರಿಯಾಗಿ ನೋಡಿದ್ದು ಆಗಲೇ. ಯಾರಿಗೆ ತೋರಿಸುವುದು?

ಕೊಯ್ಲಿನ ಹೊತ್ತಿಗೆ ಅವನು ಬಂದ. ಡೈರಿ ಮುಂದೆ ಅವಳನ್ನು ಕಂಡು ನಕ್ಕ. ಕೆನ್ನೆ ತುಂಬಿತ್ತು.

“ಎಂಗಿದೀನಿ, ನೋಡು!” ಎಂದವನೇ ಏರಿ ಹಿಡಿದು ಬಿರಬಿರನೆ ಹೊರಟ. ಅದೇ ಹಳೆಯ ಗಾಳಿ. ನೋಡನೋಡುತ್ತ ನಾಲ್ಕು ಮಾರು, ಎಂಟು ಮಾರು. ಅವಳ ಕಣ್ಣಿಗೆ ಉಳಿದದ್ದು ಹಿಮ್ಮಡಿ.

ಬದುಕಿದನಲ್ಲ, ಅಷ್ಟು ಸಾಕು ಎಂದುಕೊಂಡಳು. ಸಾಕಾಗಲಿಲ್ಲ.

ಹೊಂಗೆಮರದ ಬಳಿ ಅವನು ನಿಂತ. ತಿರುಗಿದ. ಬಂದ ದಾರಿಯನ್ನೇ ಹಿಡಿದು, ಅದೇ ಬಿರುಸಿನಲ್ಲಿ, ಅವಳವರೆಗೂ ನಡೆದು ಬಂದ. ಬಂದವನು ಅವಳ ಹೆಜ್ಜೆಗೆ ಹೆಜ್ಜೆ ಇಳಿಸಿದ.

“ಮತ್ತೆ ನಿಧಾನ? ಡಾಕ್ಟ್ರುಗೆ ಏಳ್ಬೇಕಾ?”

“ಏಳ್ಬೇಡ. ಉಸ್ರು ಬೇಕಾದಷ್ಟೈತೆ ಕಣಮ್ಮಿ. ಈ ಸಲ ನಿನ್ಗೋಸ್ಕರಾನೇ.”

ಡೈರಿಯ ಹೆಂಗಸರೆಲ್ಲ ನೋಡುತ್ತಿದ್ದರು. ಚಿಕ್ಕಬೋರಮ್ಮ ಹಾಲಿನ ಕ್ಯಾನನ್ನು ಆಚೆಯ ಕೈಗೆ ಬದಲಾಯಿಸಿಕೊಂಡಳು. ಅವನ ಕಡೆಯ ಕೈಯನ್ನು ಖಾಲಿ ಬಿಟ್ಟಳು.